ಎದುರು ಪಾರ್ಟಿ ತೆಂಗಿನಕಾಯಿ

ಎಪ್ಪತ್ತು ದಾಟಿದರೂ ನಮ್ಮಮ್ಮ ಸಮುದ್ರಕ್ಕೆ ಕಾಲಿಟ್ಟವಳಲ್ಲ. ಹುಟ್ಟಿದ್ದು ಮೈಸೂರು, ಮದುವೆಯಾದದ್ದೂ ಮೈಸೂರಿನಲ್ಲೇ. ಹೊಸದರಲ್ಲಿ ಅಪ್ಪ ಕನ್ಯಾಕುಮಾರಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ‘ಮುಂದಿನ ವರ್ಷ, ಮುಂದಿನ ವರ್ಷ’ ಎನ್ನುತ್ತಲೇ ತೀರಿಹೋದರು. ಹಾಗಾಗಿ ಕತಾರಿನ ನಮ್ಮ ಮನೆಗೆ ಬಂದಾಗ ಅವಳು ಕೇಳಿದ್ದು ಒಂದೇ, ಸಮುದ್ರದ ನೀರಿನಲ್ಲಿ ಕಾಲಿಡಬೇಕು. ಚಿನ್ನ ಬೇಡ, ಖರ್ಜೂರ ಬೇಡ, ಮಾಲ್ ಅಂತೂ ಬೇಡವೇ ಬೇಡ. ವಿಮಾನದ ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ ಎಂದು ತೀರ್ಪನ್ನೂ ಅವಳೇ ಕೊಟ್ಟಳು.

ಮೂರು ದಿಕ್ಕಿಗೂ ಸಮುದ್ರವಿರುವ ದೇಶ, ಇದೇನು ಮಹಾ ಎಂದುಕೊಂಡೆ. ಅಮ್ಮನ ಎರಡು ಮಂಡಿಗಳೂ ಸೋತಿದ್ದವು. ವೀಲ್‌ಚೇರಿನಲ್ಲಿ ಕೂರಿಸಿ, ಅಲ್ ವುಕೈರಿನ ನಮ್ಮ ಫ್ಲ್ಯಾಟಿನಿಂದ ವಕ್ರಾದ ಬೀಚಿಗೆ ಕರೆದೊಯ್ದೆವು. ಮರಳಿಗೆ ಇಳಿದದ್ದೇ ತಡ, ಚಕ್ರ ಹೂತುಕೊಂಡಿತು. ಎಳೆದಷ್ಟೂ ಇನ್ನಷ್ಟು ಹೂತಿತು. ನೀರು ಅಲ್ಲೇ ಕಣ್ಣೆದುರಿಗಿತ್ತು. ಗಾಳ ಹಾಕಿಕೊಂಡು ಕೂತಿದ್ದ ನಾಲ್ವರು ಎದ್ದು ಬಂದು, ಅಮ್ಮನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗೋಣವೆಂದರು. ಅಮ್ಮ ಸೆರಗು ಬಿಗಿದು ಕೂತಳು.

“ನಾಲ್ಕು ಜನ ಹೊರೋದು ಒಂದೇ ಸಲ ಕಣೋ. ಅದಕ್ಕಿನ್ನೂ ಟೈಮಿದೆ.”

ಚಟ್ಟಕ್ಕೆ ನಾಲ್ಕು ಹೆಗಲು ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ನಾಲ್ವರಿಗೆ ಏನೋ ಒಂದು ಸಮಜಾಯಿಷಿ ಹೇಳಿ ಮನೆಗೆ ಮರಳಿದೆವು.

ನನ್ನ ಹೆಂಡತಿ ಮಂಗಳೂರಿನವಳು. ನಾನು ದೊಡ್ಡಸ್ತಿಕೆಗೆಂದು ಕೊಂಡ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಅದುವರೆಗೆ ಸೂಪರ್‌ಮಾರ್ಕೆಟ್ಟಿನ ಹಂಪ್ ಬಿಟ್ಟರೆ ಬೇರೆ ದಿಬ್ಬ ಹತ್ತಿರಲಿಲ್ಲ. ಅದನ್ನೇ ಎತ್ತಿ ನನ್ನನ್ನು ಚುಚ್ಚಲು ಕಾಯುತ್ತಿದ್ದ ಅವಳು, “ಈ ಗಾಡಿ ಎಂತಕ್ಕೆ ಉಂಟು ಮಾರಾಯ್ರೆ? ಅತ್ತೆಯನ್ನು ಕೂರಿಸಿ ನೀರಿನ ಬುಡಕ್ಕೇ ಇಳಿಸಿ,” ಎಂದಳು. ಮಾತು ಸರಿಯೇ. ಆದರೆ ಸಾರ್ವಜನಿಕ ಬೀಚಿನ ಮೇಲೆ ಗಾಡಿ ಓಡಿಸಲು ಪರ್ಮಿಟ್ ಬೇಕು ಎಂದರು ಆಫೀಸಿನವರು.

ಅದು ಕತಾರಿನಲ್ಲಿ ಫುಟ್‌ಬಾಲ್ ವರ್ಲ್ಡ್ ಕಪ್ ನಡೆದ ವರ್ಷ. ಯಾರನ್ನು ಏನು ಕೇಳಿದರೂ ಒಂದೇ ಉತ್ತರ. ಮನೆ ಮುಂದೆ ಅಗೆದ ರಸ್ತೆ ಮುಚ್ಚುವುದು ಯಾವಾಗ? ಕಪ್ ಆದಮೇಲೆ. ನನ್ನ ಪ್ರಮೋಷನ್? ಕಪ್ ಆದಮೇಲೆ. ಕ್ರಿಕೆಟ್ಟೂ ಅಲ್ಲದ ಆ ಕಪ್ ಕಟ್ಟಿಕೊಂಡು ನನಗೇನಾಗಬೇಕಿತ್ತು? ಅಮ್ಮನ ವೀಸಾ ಮಾತ್ರ ಕಪ್ಪಿಗೆ ಮುಂಚೆಯೇ ಮುಗಿಯುತ್ತಿತ್ತು. ಮಂಡಿಗಳ ಸ್ಥಿತಿ ನೋಡಿದರೆ ಅವಳು ಮತ್ತೆ ವಿಮಾನ ಹತ್ತುವ ಭರವಸೆಯೂ ಇರಲಿಲ್ಲ.

ಪರ್ಮಿಟ್ ಕಚೇರಿಯ ಕೌಂಟರಿನಲ್ಲಿದ್ದ ಮಲಯಾಳಿ ಗುಮಾಸ್ತ, ಬೀಚಿಗೆ ಗಾಡಿ ಯಾಕೆ ಎಂದು ಹಿಂದಿಯಲ್ಲಿ ಕೇಳಿದ. ಅಮ್ಮನ ಕಾಲು ನೆನೆಸುವುದಕ್ಕೆ ಎಂದೆ. ಅವನು ಕಂಪ್ಯೂಟರಿನಲ್ಲಿ ಹುಡುಕಿದ. ಕ್ಯಾಂಪ್ ಹಾಕುವುದಿತ್ತು, ದೋಣಿ ಇಳಿಸುವುದಿತ್ತು, ಮೀನು ಹಿಡಿಯುವುದಿತ್ತು. ಕಾಲು ನೆನೆಸುವುದು ಮಾಫಿ, ಇಲ್ಲವೇ ಇಲ್ಲ. ಬಹಳ ಹೊತ್ತು ಯೋಚಿಸಿ, ನೀರಿಗೆ ಹತ್ತಿರದ್ದು ಇದೇ ಎಂದು ಮೀನನ್ನು ಒತ್ತಿದ. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ನಮ್ಮಮ್ಮ ಸರ್ಕಾರದ ದಾಖಲೆಯಲ್ಲಿ ಬೆಸ್ತರವಳಾದಳು. ಇನ್ನು ಗಾಡಿಯ ತಪಾಸಣೆಯೊಂದು ಬಾಕಿ. ಸಲಿಕೆ, ಎಳೆಯುವ ಹಗ್ಗ, ಬೆಂಕಿ ಆರಿಸುವ ಸಿಲಿಂಡರ್, ದಿಬ್ಬದಾಚೆಗೂ ಕಾಣುವಂತೆ ಉದ್ದ ಕೋಲಿನ ಬಾವುಟ, ಎಲ್ಲ ಇರಬೇಕಂತೆ. ತಂದು ಜೋಡಿಸಿದೆ. ಕಾಲು ನೆನೆಸಲು ಹೊರಟವನ ಗಾಡಿ ಯುದ್ಧಕ್ಕೆ ಸಿದ್ಧವಾಯಿತು.

ತಪಾಸಣೆಯ ಹಿಂದಿನ ದಿನವೇ ಆಯುಧಪೂಜೆ ಬರಬೇಕೇ! ಮೈಸೂರಿನ ಹೆಂಗಸಿಗೆ ನವರಾತ್ರಿಯಲ್ಲಿ ಗಾಡಿಗೆ ಪೂಜೆಯಿಲ್ಲದೆ ಉಂಟೇ? ಪಾರ್ಕಿಂಗಿನಲ್ಲಿ ಗಾಡಿ ತೊಳೆದು, ಅರಿಸಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾಯಿತು. ಕಾಯಿ ಮಾತ್ರ ತಾನೇ ಒಡೆಯಬೇಕೆಂದು ಅಮ್ಮ ಹಟ ಹಿಡಿದಳು. ವೀಲ್‌ಚೇರಿನಿಂದ ನೆಲಕ್ಕೆ ಬಗ್ಗಲಾಗದು. ನಾನು ಕಲ್ಲು ಹುಡುಕಿ ತರುವಷ್ಟರಲ್ಲಿ, ಎದುರಿಗೆ ಎಟುಕಿದ ಬಂಪರಿಗೇ ದೇವರ ಹೆಸರು ಹೇಳಿ ಬಾರಿಸಿದಳು. ಕಾಯಿ ಒಡೆಯಲಿಲ್ಲ, ಬಂಪರ್ ಒಡೆಯಿತು. ಎರಡನೆಯ ಏಟಿಗೆ ಕಾಯಿಯೂ ಒಡೆಯಿತು. ಹೂವಿದೆ ನೋಡೋ, ಒಳ್ಳೆ ಶಕುನ ಎಂದು ಹೋಳು ತೋರಿಸಿದಳು. ನಾನು ಬಂಪರ್ ನೋಡುತ್ತಿದ್ದೆ.

ಮರುದಿನ ತಪಾಸಣೆಯವನು ಸಲಿಕೆ ನೋಡಲಿಲ್ಲ, ಬಾವುಟ ನೋಡಲಿಲ್ಲ. ಬಿರುಕು ಬಿಟ್ಟ ಬಂಪರನ್ನೂ ಅದರ ಮೇಲಿನ ಕೆಂಪು ಕಲೆಯನ್ನೂ ನೋಡಿದ. ಬೆರಳಲ್ಲಿ ಮುಟ್ಟಿ ಮೂಸಿದ. ಯಾರಿಗೆ ಗುದ್ದಿದೆ ಎಂದು ಕೇಳಿದ. ಯಾರಿಗೂ ಇಲ್ಲ, ಇದು ಪೂಜೆ ಎಂದು ನಾನು ಹಿಂದಿ, ಇಂಗ್ಲಿಷು, ಕೈಸನ್ನೆ ಮೂರರಲ್ಲೂ ಹೇಳಿದೆ. ಅಲ್ಲಿ ಗುದ್ದಿದ ಗಾಡಿಯನ್ನು ಪೊಲೀಸರ ಕಾಗದವಿಲ್ಲದೆ ಗ್ಯಾರೇಜಿನವರು ಮುಟ್ಟುವುದಿಲ್ಲ, ಒಡೆದ ಗಾಡಿಯನ್ನು ಇವನು ಪಾಸ್ ಮಾಡುವುದಿಲ್ಲ. ಖಲಾಸ್, ಪೊಲೀಸರ ಹತ್ತಿರ ಹೋಗು ಎಂದ.

ಪೊಲೀಸ್ ಸ್ಟೇಷನ್ನಿನ ಅಧಿಕಾರಿ ಒಳ್ಳೆಯ ಮನುಷ್ಯ, ಹಿಂದಿಯೂ ಬರುತ್ತಿತ್ತು. ಅಪಘಾತ ಎಂದಮೇಲೆ ಎದುರು ಪಾರ್ಟಿ ಯಾರು ಎಂದ. ತೆಂಗಿನಕಾಯಿ ಎಂದೆ. ಮರದಿಂದ ಬಿತ್ತೇ? ಇಲ್ಲ, ಅಮ್ಮ ಹೊಡೆದರು. ನಿನ್ನ ಮೇಲೆ ಕೋಪವೇ? ಇಲ್ಲ ಸಾರ್, ಗಾಡಿಗೆ ಒಳ್ಳೆಯದಾಗಲಿ ಅಂತ. ಅವನು ಪೆನ್ನು ಕೆಳಗಿಟ್ಟ.

“ಆ ತೆಂಗಿನಕಾಯಿ ಈಗ ಎಲ್ಲಿದೆ?”

“ಚಟ್ನಿ ಮಾಡಿ ತಿಂದ್ವಿ ಸಾರ್.”

ಅವನು ನಗುವನ್ನು ತಡೆದುಕೊಂಡು ಕಾಗದ ಬರೆದುಕೊಟ್ಟ. ಅದರಲ್ಲಿ ಏನಿತ್ತೋ, ಅರಬ್ಬಿ ನನಗೆ ಓದಲು ಬಾರದು. ಅದನ್ನು ಹಿಡಿದು ಗ್ಯಾರೇಜಿಗೆ ಓಡಿದೆ. ನನ್ನ ಮಾಡೆಲ್ಲಿನ ಬಂಪರ್ ಹಡಗಿನಲ್ಲಿ ಬರಬೇಕು, ಈಗಿನ ನೂಕುನುಗ್ಗಲಲ್ಲಿ ಕಪ್ ಆದಮೇಲೇ ಅಂದುಕೊಳ್ಳಿ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದು? ತೆಂಗಿನಕಾಯಿಯೂ ಉಳಿದಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಂಪರ್ ಬರಲಿ, ಕಪ್ ಮುಗಿಯಲಿ, ಇನ್ನೊಂದು ಸಲ ವೀಸಾ ಮಾಡಿಸಿ ಕರೆಸುತ್ತೇನೆ ಎಂದೆಲ್ಲ. ಅವಳು ಹೂಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ನಿಮ್ಮಪ್ಪನೂ ಹಿಂಗೇ ಹೇಳೋರು,” ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

ಪರ್ಮಿಟ್ಟಿನ ಕಥೆ ಇಲ್ಲೇ ಹೇಳಿ ಮುಗಿಸುತ್ತೇನೆ. ಕಪ್ ಯಾರೋ ಗೆದ್ದುಕೊಂಡು ಹೋಗಿ, ಅಮ್ಮ ಮೈಸೂರು ಸೇರಿ ಎಷ್ಟೋ ದಿನಗಳಾದ ಮೇಲೆ ಅದು ಬಂತು, ಮೀನು ಹಿಡಿಯುವುದಕ್ಕೆ.

ಅವಳು ಹೊರಡುವ ಮುಂಚಿನ ಶುಕ್ರವಾರ ಮತ್ತೆ ವಕ್ರಾಕ್ಕೆ ಹೋದೆವು. ನೋಡಿಕೊಂಡಾದರೂ ಬರೋಣ ಎಂದು ಅಮ್ಮನೇ ಹೇಳಿದ್ದಳು. ಹೆಂಡತಿ ಹೇಳದೆ ಕೇಳದೆ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯನ್ನು ಡಿಕ್ಕಿಗೆ ತುಂಬಿದ್ದಳು. ಬೀಚಿನಲ್ಲಿ ಬರ್ವಾ ಅಲ್ ಬರಾಹಾದ ಲೇಬರ್ ಕ್ಯಾಂಪಿನಿಂದ ವಾರದ ರಜೆಗೆ ಬಂದ ಕೆಲಸಗಾರರು ನೀರಾಡುತ್ತಿದ್ದರು. ಮೂವರನ್ನು ಕರೆದೆ. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಗೆ ದಾಟಿಸಿ, ಅವರ ಜೊತೆ ನಾನೂ ಕುರ್ಚಿಯ ಒಂದು ಕಾಲು ಹಿಡಿದೆ. ಅಮ್ಮ ಎಲ್ಲರನ್ನೂ ಒಮ್ಮೆ ನೋಡಿದಳು.

“ಮತ್ತೆ ನಾಲ್ಕೇ ಆಯ್ತಲ್ಲೋ.”

ನನಗೆ ಅಳು ಬರುವುದೊಂದು ಬಾಕಿ. ಹೆಂಡತಿ ಚಪ್ಪಲಿ ಬಿಟ್ಟು, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಕುರ್ಚಿಯ ಬೆನ್ನು ಹಿಡಿದಳು.

“ನಾನೂ ಹಿಡೀತೇನೆ ಅತ್ತೆ. ಐದಾಯ್ತು.”

ಅಮ್ಮ ಶಾಸ್ತ್ರವನ್ನೆಲ್ಲ ತಲೆಯೊಳಗೆ ತಿರುವಿಹಾಕಿದಂತೆ ಕಂಡಿತು. ಸೊಸೆಯ ಕೈ ನೋಡಿದಳು.

“ಅದಕ್ಕೆ ಹೆಂಗಸರು ಕೈ ಹಾಕಲ್ಲ. ಹಾಗಾದ್ರೆ ಇದು ಅದಲ್ಲ. ಎತ್ತಿ.”

ಆ ಮೂವರಲ್ಲೊಬ್ಬ ‘ಯಲ್ಲಾ’, ನಡೀರಿ ಎಂದ. ಎತ್ತಿದೆವು. ಜನ ನಮ್ಮನ್ನು ನೋಡಿ ಮೊಬೈಲ್ ತೆಗೆದರು. ಅಮ್ಮ ಅಂಬಾರಿಯಲ್ಲಿ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎಡಕ್ಕೆ ವಾಲ್ತಿದೆ, ನೋಡ್ಕೊಂಡು ಎಂದು ನಮ್ಮನ್ನೇ ಗದರಿಸುತ್ತ ಸಾಗಿದಳು. ಮೊಣಕಾಲುದ್ದ ನೀರಿನಲ್ಲಿ ಕುರ್ಚಿ ಇಳಿಸಿದೆವು. ಸೀರೆ ಒದ್ದೆಯಾದದ್ದನ್ನು ಅವಳು ಗಮನಿಸಲೇ ಇಲ್ಲ. ಒಂದು ಅಲೆ ಬಂದು ಮಂಡಿ ಮುಚ್ಚಿತು, ಇನ್ನೊಂದು ಬಂತು. ನಾನು ಹತ್ತಿರ ಬಗ್ಗಿ, ಹೇಗಿದೆ ಅಮ್ಮ ಎಂದೆ. ಅವಳಿಗೆ ಕೇಳಿಸಿದ ಹಾಗಿರಲಿಲ್ಲ. ಅವಳು ನೀರನ್ನೇ ನೋಡುತ್ತ, ನನಗಲ್ಲ, ಬೇರೆಯವರಿಗೆ ಹೇಳಿದಳು.

“ರೀ, ಬಂದೆ ನೋಡಿ.”