ಗಾಳಿ ಹೋಗುವ ತನಕ

ಅಪ್ಪನ ಕರುಳು ತಿರುಚಿಕೊಂಡಿತ್ತು. ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕೊಯ್ದು ಅದನ್ನು ಸರಿಪಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಕರುಳು ಮಾತ್ರ ಅಲುಗಲಿಲ್ಲ.

ಡಾಕ್ಟರು ತೆಲುಗಿನಲ್ಲಿ ವಿವರಿಸಿದ್ದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಉಂಡದ್ದು ತಾನಾಗಿ ಕೆಳಗೆ ಜಾರುವುದಿಲ್ಲ. ಗಂಟಲಿನಿಂದ ಕೊನೆಯವರೆಗೂ ಕೊಳವೆಯ ಗೋಡೆ ಹಿಂದೆ ಹಿಂಡಿ, ಮುಂದೆ ಸಡಿಲಿಸಿ ತುತ್ತನ್ನು ದೂಡುತ್ತ ಹೋಗುತ್ತದೆ. ನುಂಗುವುದಷ್ಟೇ ನಮ್ಮ ಕೈಯಲ್ಲಿರುವುದು. ಡಾಕ್ಟರ ಕೈ ತಾಗಿದ ಕರುಳು ಕೆಲವು ದಿನ ಈ ಕೆಲಸ ನಿಲ್ಲಿಸಿಬಿಡುತ್ತದೆ. ಮತ್ತೆ ಶುರುವಾಯಿತೆನ್ನಲು ಮೊದಲ ಗುರುತು ಗಾಳಿ ಹೋಗುವುದು. ಅಲ್ಲಿಯವರೆಗೆ ಹನಿ ನೀರೂ ಇಲ್ಲ.

ಸಿಸ್ಟರ್ ನನಗೊಂದು ಹಾಳೆ ಕೊಟ್ಟಿದ್ದರು. ಮೂತ್ರ ಎಷ್ಟು, ಗಾಳಿ ಹೋಯಿತೇ, ಯಾವಾಗ, ಎಲ್ಲವನ್ನೂ ಬರೆಯಬೇಕು. ಪತ್ರಿಕೆಯ ಡೆಸ್ಕಿನಲ್ಲಿ ಕೂದಲು ನರೆಸಿಕೊಂಡವನಿಗೆ ಅದು ಪರಿಚಿತ ಕೆಲಸ. ಪ್ರತಿ ಪಾಳಿಯ ಸಿಸ್ಟರೂ ಬಂದು, "ಗ್ಯಾಸ್ ಪೋಯಿಂದಾ?" ಎನ್ನುವರು. ಜೀವನವಿಡೀ ಸರಕಾರಿ ಫೈಲುಗಳಿಗೆ ಮಿತವಾಗಿ ಷರಾ ಬರೆದ ಅಪ್ಪ ಗೋಡೆಯ ಕಡೆ ಮುಖ ಮಾಡಿ, "ಲೇದಮ್ಮಾ" ಎನ್ನುವರು. ನಾನು 'ಇಲ್ಲ' ಎಂದು ಬರೆಯುವೆ.

ಅವ್ವ ಅಪ್ಪನಿಗಿಂತ ಮೊದಲು ಉಂಡವಳಲ್ಲ. ಸಕ್ಕರೆ ಕಾಯಿಲೆಯವಳು, ಮೂರು ದಿನದಿಂದ ಚಹಾದ ಮೇಲೇ ಇದ್ದಳು. ಉಣ್ಣು ಎಂದರೆ, "ಅವರದ ಊಟ ಆಗಿಲ್ಲಲ್ಲ, ನನಗ್ಯಾಕ ಅವಸರ?"

ಮೂರನೆಯ ಬೆಳಿಗ್ಗೆ ಸ್ಟೂಲಿನಿಂದ ಏಳಹೋಗಿ ತೂರಾಡಿ ಮಂಚದ ಕಂಬಿ ಹಿಡಿದುಕೊಂಡಳು. ಅಪ್ಪ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ಬರಕೋ. ಹೋತು."

"ಖರೇನಾ ಅಪ್ಪಾ?"

"ಇದಕ್ಕೂ ಸಾಕ್ಷಿ ಬೇಕೇನಪಾ ನಿಮ್ಮ ಪೇಪರಿಗೆ?"

ನಾನು ನಕ್ಕೆ. ಒಬ್ಬನ ಮಾತಿನ ಮೇಲೆ ಸುದ್ದಿ ಬಿಡಬಾರದೆಂದು ಕಿರಿಯರಿಗೆ ಹೇಳುತ್ತ ಬಂದವನು, ಗಡಿಯಾರ ನೋಡಿ 'ಹೌದು' ಎಂದು ಬರೆದೆ. ಆ ಹಾಳೆ ನೋಡಿಯೇ ಮೊದಲು ನೀರು, ಮಧ್ಯಾಹ್ನ ಗಂಜಿಯ ತಿಳಿ ಕೊಟ್ಟರು. ಅವ್ವ ಎರಡು ಇಡ್ಲಿ ತಿಂದಳು. ಅವಳು ಕೈ ತೊಳೆಯುವವರೆಗೂ ಅಪ್ಪ ಕಣ್ಣು ತೆಗೆಯಲಿಲ್ಲ.

ನಾಲ್ಕರ ಹೊತ್ತಿಗೆ ಅಪ್ಪನ ಹೊಟ್ಟೆ ಬಿಗಿದು ನಿಂತಿತು. ಹಸಿರು ವಾಂತಿಯಾಯಿತು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಚೀಲಕ್ಕೆ ಹಸಿರು ನೀರು ಬಂತು. ಹೊಟ್ಟೆಯ ಎಕ್ಸ್‌ರೇ ನೋಡಿದ ಡಾಕ್ಟರು, ಕರುಳು ಮತ್ತೆ ಎಲ್ಲೋ ಸಿಕ್ಕಿಕೊಂಡಿರಬಹುದು, ನಾಳೆ ಮಧ್ಯಾಹ್ನದೊಳಗೆ ಗಾಳಿ ಹೋಗದಿದ್ದರೆ ಮತ್ತೆ ಕೊಯ್ಯಬೇಕಾಗುತ್ತದೆ ಎಂದರು. ಈ ವಯಸ್ಸಿನಲ್ಲಿ ಭರವಸೆ ಕೊಡಲಾರೆ ಎಂದೂ ಹೇಳಿದರು.

"ಯಾಕ ಸುಳ್ಳ ಹೇಳಿದ್ರಿ?" ಎಂದು ಅಪ್ಪನನ್ನು ಕೇಳಿದೆ.

"ನಿಮ್ಮವ್ವ ಉಣ್ಣಬೇಕಾಗಿತ್ತು."

ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಮನೆಯಿಂದ ರೊಟ್ಟಿ, ಬದನಿಕಾಯಿ ಪಲ್ಯ ತಂದು ಅಪ್ಪನೆದುರಿಗೇ ಡಬ್ಬಿ ಬಿಚ್ಚಿದಳು.

"ನೋಡ್ರಿ, ಉಣ್ಣಾಕತ್ತೀನಿ. ಇನ್ನ ಸುಳ್ಳ ಹೇಳಬ್ಯಾಡ್ರಿ."

ಅವಳ ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಆ ತುತ್ತು ಇನ್ನು ತನ್ನ ಪಾಡಿಗೆ ಹೋಗುತ್ತದೆ, ಯಾರೂ ಹೇಳಬೇಕಿಲ್ಲ. ಒಂದು ಮೊಳದಾಚೆ ಅಪ್ಪನ ಹೊಟ್ಟೆ ಕಲ್ಲಿನ ಹಾಗಿತ್ತು. ನಾನು ಪೆನ್ನು ಹಿಡಿದು ಕುಳಿತಿದ್ದೆ.

ಹನ್ನೆರಡಕ್ಕೆ ಡಾಕ್ಟರು ಬಂದರು. ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೆ ನಾಲ್ಕು ಕಡೆ ಇಟ್ಟು ಬಹಳ ಹೊತ್ತು ಕೇಳಿದರು. ಗ್ಯಾಸ್ ಹೋಯಿತೇ ಎಂದರು. ಅಪ್ಪ ಅವ್ವನನ್ನು ನೋಡಿದರು.

"ಲೇದಂಡಿ."

ಆಮೇಲೆ ನನ್ನ ಕಡೆ ತಿರುಗಿ, "ಇಲ್ಲ ಅಂತ ಬರಕೋ" ಎಂದರು.

ಬರೆದೆ. ಒಪ್ಪಿಗೆಯ ಕಾಗದಕ್ಕೂ ಸಹಿ ಮಾಡಿದೆ. ಸ್ಟ್ರೆಚರ್ ಲಿಫ್ಟಿನೊಳಗೆ ಹೋಯಿತು. ಅವ್ವ ಹೊರಗಿನ ಬೆಂಚಿನ ಮೇಲೆ ಕುಳಿತು, ಉಳಿದಿದ್ದ ಅರ್ಧ ರೊಟ್ಟಿ ಮುರಿದಳು.

"ಸಾಕು ಬಿಡವ್ವ, ಬಲವಂತ ಮಾಡ್ಕೋಬ್ಯಾಡ," ಎಂದೆ.

"ಹೊರಗ ಬಂದ ಕೂಡ್ಲೇ ನಿಮ್ಮಪ್ಪ 'ಉಂಡೀ ಏನು' ಅಂತನ ಕೇಳ್ತಾರ," ಎಂದು ಅವಳು ಅಗಿಯತೊಡಗಿದಳು.