ಶಿವಾರಪಟ್ಟಣದ ಆಚಾರ್ರ ವೈರ್‌ಲೆಸ್ ಕಾರ್ಡು

ಗೆಳೆಯರೇ, ಇವತ್ತಿಡೀ ಒಂದು ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು ಸಾಕಾಗಿದೆ. ಶಿವಾರಪಟ್ಟಣದ ಶಿಲ್ಪಿ ವೀರಾಚಾರ್ರು ಬೆಳಗ್ಗೆಯೇ ಅದನ್ನು ಮಾಲೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದಿದ್ದರು. ಲಿನಕ್ಸ್ ಹಾಕಿಸಿದ ಮೇಲೆ ವೈಫೈ ಹಿಡಿಯುವ ಅದರ ವೈರ್‌ಲೆಸ್ ಕಾರ್ಡು ಕೆಲಸ ಮಾಡುತ್ತಿರಲಿಲ್ಲ.

"ಗಣಪತಿ ವಿಗ್ರಹ ಮುಗಿದೈತೆ ಸಾರ್. ಫೋಟೋ ಇದ್ರಲ್ಲೈತೆ, ಇವತ್ತೇ ಕಳಿಸ್ಬೇಕು, ಇಲ್ಲಾಂದ್ರೆ ಗಿರಾಕಿ ಬೇರೆಯೋರ ಹತ್ರ ಹೋಗ್ತಾರಂತೆ," ಎಂದರು.

ಕಾರ್ಡಿನ ಡ್ರೈವರ್ ಹುಡುಕಿ, ಲಿನಕ್ಸಿನ ತಿರುಳಾದ ಕರ್ನಲ್ಲನ್ನು, ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತಾ, ಮೂರು ಸಲ ಕಂಪೈಲ್ ಮಾಡಿದೆ. ಸಂಜೆ ಐದಕ್ಕೆ ಕಾರ್ಡಿನ ದೀಪ ಹತ್ತಿತು.

"ನಿಮ್ಮೂರಲ್ಲಿ ವೈರ್‌ಲೆಸ್ ಯಾರ ಮನೇಲಿದೆ ಆಚಾರ್ರೇ?"

"ಯಾರ ಮನೇಲೂ ಇಲ್ಲ ಸಾರ್. ಕಾರ್ಡಲ್ಲೇ ನೆಟ್ ಬರ್ತದೆ ಅಂದ್ಕೊಂಡಿದ್ದೆ."

ನನ್ನ ಅಂಗಡಿಯಲ್ಲೂ ವೈಫೈ ಇಲ್ಲ, ಇರುವುದು ಇಂಟರ್ನೆಟ್ ಕೇಬಲ್ಲೇ. ಅದನ್ನೇ ಲ್ಯಾಪ್‌ಟಾಪಿಗೆ ಚುಚ್ಚಿದೆ. ಎರಡು ನಿಮಿಷದಲ್ಲಿ ಫೋಟೋ ಹೋಯಿತು, ಗಿರಾಕಿಯೂ ಒಪ್ಪಿದರು.

ಕರ್ನಲ್ ಕೇಳಿದ ನೂರಾರು ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದೆ. ಆಚಾರ್ರನ್ನು ಆ ಒಂದು ಪ್ರಶ್ನೆ ಬೆಳಗ್ಗೆಯೇ ಕೇಳಬಾರದಿತ್ತೇ ನಾನು?