ಹತ್ತೊಂಬತ್ತನೇ ಜಾಡಿ

ಆ ಬುಧವಾರ ಸಂಜೆಯವರೆಗೂ ನಾವಿಬ್ಬರೂ ಮುಚ್ಚಳದ ಜಾಡಿಗಳಿಗೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಾಕಿದೆವು. ಎಪ್ಪತ್ತರ ದಶಕದ ಕೊನೆಯ ಮಾತು. ಮಾಗಡಿಯ ಹೊರಗೆ ನಮ್ಮದೊಂದು ಶೆಡ್ಡು. ಚಕ್ರದ ಕೆಲಸ ನನ್ನ ಗಂಡ, ನಮ್ಮ ಯಜಮಾನರಾದ ಸಿದ್ದಪ್ಪನವರದು, ಗ್ಲೇಜ್ ನನ್ನದು. ಆರು ತಿಂಗಳ ತರಬೇತಿಗೆ ಹೋಗಿ ಅದನ್ನು ಕಲಿತು ಬಂದವಳು ನಾನೇ.

ಮುಚ್ಚಳದ ಜಾಡಿಯ ಕಷ್ಟವೆಲ್ಲ ಬಾಯಿಯಲ್ಲಿದೆ. ಜಾಡಿಯನ್ನೂ ಮುಚ್ಚಳವನ್ನೂ ಒಂದೇ ಮಣ್ಣಿನಲ್ಲಿ, ಒಂದೇ ದಿನ ಚಕ್ರದ ಮೇಲೆ ಎತ್ತಬೇಕು. ಆಗ ಒಣಗುವಾಗ ಎರಡೂ ಸಮನಾಗಿ ಕುಗ್ಗುತ್ತವೆ. ಒಂದು ಸಲ ಸುಟ್ಟ ಮೇಲೆ ಗ್ಲೇಜಿನ ನೀರಿನಲ್ಲಿ ಅದ್ದಿ, ಮುಚ್ಚಳ ಕೂರುವ ಅಂಚನ್ನು ಮಾತ್ರ ಒರೆಸಿ ಬರಿದು ಮಾಡಿ, ಮುಚ್ಚಳ ಹಾಕಿಯೇ ಮತ್ತೆ ಸುಡುವ ಗೂಡಿಗೆ ಇಡುತ್ತಿದ್ದೆವು. ಅಂಚಿನಲ್ಲಿ ಚೂರು ಉಳಿದರೂ ಗ್ಲೇಜ್ ಕರಗಿ ಮುಚ್ಚಳವನ್ನು ಜಾಡಿಗೆ ಬೆಸೆದುಬಿಡುತ್ತದೆ. ನಮ್ಮ ಸೌದೆ ಗೂಡಿನ ಕಾವು ಕಡಿಮೆ. ಹಾಗಾಗಿ ಬೇಗ ಕರಗಲೆಂದು ಗ್ಲೇಜಿಗೆ ರೆಡ್ ಲೆಡ್, ಅಂದರೆ ಸೀಸದ ಕೆಂಪು ಪುಡಿ, ಬೆರೆಸುತ್ತಿದ್ದೆ.

ಅಂಚು ಒರೆಸಲು ನಾನು ಸ್ಪಂಜು ತಂದಿಟ್ಟಿದ್ದೆ. ಯಜಮಾನರು ಅದನ್ನು ಮುಟ್ಟುತ್ತಿರಲಿಲ್ಲ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒರೆಸುವರು, ಮತ್ತೆ ನಾಲಿಗೆಗೆ ಒತ್ತುವರು.

"ಥೂ, ಅದೇನ್ ಅಸಹ್ಯ! ಸ್ಪಂಜು ಐತಲ್ಲ?" ಎಂದೆ.

"ಸ್ಪಂಜ್‌ಗೇನ್ ಗೊತ್ತಾಯ್ತದೆ ಕಣಮ್ಮಿ? ನೀರು ಒಸಿ ಜಾಸ್ತಿಯಾದ್ರೆ ಗ್ಲೇಜು ಇಳ್ಕೊಂಡು ಮುಚ್ಚಳ ಕಚ್ಕೋತದೆ. ಆಮ್ಯಾಲೆ ನಿನ್ ಗಿರಾಕಿಗಳು ಉಪ್ಪಿನಕಾಯಿ ತಿನ್ನಾಕೆ ಸುತ್ತಿಗೆ ಹಿಡ್ಕೊಂಡು ಕೂತ್ಕೋಬೇಕು!"

ನಾನು ನಕ್ಕೆ. ವರ್ಷದಿಂದ ಅವರು ಹಾಗೆಯೇ ಒರೆಸುತ್ತಿದ್ದರು.

ಮರುದಿನ ಚಕ್ರದ ಮೇಲೆ ಜಾಡಿಯ ಗೋಡೆ ಎತ್ತುವಾಗ ಅವರ ಬಲಗೈ ಮಣಿಕಟ್ಟಿನಿಂದ ಜೋತುಬಿತ್ತು. ಎತ್ತಲು ಹೋದರೆ ಏಳಲಿಲ್ಲ. ಹಸಿ ಜಾಡಿ ಒಂದು ಕಡೆಗೆ ವಾಲಿ ಕುಸಿಯಿತು. ಎರಡು ತಿಂಗಳಿಂದ ಹೊಟ್ಟೆನೋವು ಇತ್ತು. ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿಸಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆ ಇತ್ತು. ಏನು ಕೆಲಸ ಎಂದು ಕೇಳಿದರು; ಹೇಳಿದೆ.

"ಸೀಸ ಮೈಗೆ ಸೇರಿದೆಯಮ್ಮ. ಆ ಜಾಡಿಗಳಲ್ಲಿ ಜನ ಏನು ಹಾಕ್ತಾರೆ?"

"ಉಪ್ಪಿನಕಾಯಿ."

ಅವರು ಬರೆಯುವುದನ್ನು ನಿಲ್ಲಿಸಿದರು. ಕಡಿಮೆ ಕಾವಿನಲ್ಲಿ ಸುಟ್ಟ ಗ್ಲೇಜಿನಿಂದ ಹುಳಿ ಸೀಸವನ್ನು ಬಿಡಿಸಿಕೊಳ್ಳುತ್ತದೆ, ಅದು ಊಟದ ಜೊತೆ ಒಳಗೆ ಹೋಗುತ್ತದೆ ಎಂದು ವಿವರಿಸಿದರು.

ಯಜಮಾನರು ಮಂಚದ ಮೇಲಿಂದಲೇ ಎಲ್ಲ ಕೇಳಿಸಿಕೊಂಡರು. "ನನ್ ಮಕ ನೋಡ್ಕೊಂಡು ಕೂರ್ಬ್ಯಾಡ. ಅಣ್ಣ ಇರ್ತಾನೆ ಇಲ್ಲಿ. ಮಕ್ಕಳು ಮರಿ ತಿನ್ನೋ ಮನೆಗಳು. ಓಗು, ಜಾಡಿ ತತ್ತಾ."

ಗ್ಲೇಜಿನ ಪರೀಕ್ಷೆಗೆಂದು ನಾವು ಸುಟ್ಟ ಜಾಡಿಗಳು ಬಹಳ, ಮಾರಿದ್ದು ಇಪ್ಪತ್ನಾಲ್ಕು. ಒಂದರ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲವಾದ್ದರಿಂದ ಜಾಡಿಯ ತಳದಲ್ಲೂ ಮುಚ್ಚಳದ ಒಳಗೂ ಒಂದೇ ನಂಬರು ಕೆತ್ತುತ್ತಿದ್ದೆವು. ಒಂದರಿಂದ ಇಪ್ಪತ್ನಾಲ್ಕರವರೆಗಿನ ನಂಬರುಗಳನ್ನೂ ಕೊಂಡವರ ಊರುಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಬಸ್ಸು ಹತ್ತಿದೆ.

ದೊಡ್ಡಆಲಹಳ್ಳಿಯಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಅಡ್ಡ ನಿಂತಳು. "ಚೆಂದಾಗೈತೆ ತಕಳಕ್ಕ ಅಂದೋಳೂ ನೀನೇ, ಈಗ ವಿಸ ಅನ್ನೋಳೂ ನೀನೇ. ಯಾವ್ ಬಾಯ್ನ ನಂಬ್ಲಿ?"

"ನಮ್ ಯಜಮಾನ್ರಿಗೆ ಕೈ ಎತ್ತಾಕಾಯ್ತಿಲ್ಲ ಕಣಕ್ಕ. ಆಸ್ಪತ್ರೇಲವ್ರೆ."

ಅವಳು ಒಳಗೆ ಹೋಗಿ ಜಾಡಿ ತಂದು, ಮಾವಿನಕಾಯಿಯನ್ನು ತಿಪ್ಪೆಗೆ ಸುರಿದು, ನನ್ನ ಕೈಗಿಟ್ಟಳು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಮನೆಯೊಂದಿತ್ತು. ಅಲ್ಲಿನ ಅಜ್ಜಿ ಹಜೀರಾಬಿ ನನ್ನನ್ನು ಕೂರಿಸಿ ನೀರು ಕೊಟ್ಟರು. "ನಮ್ ಮನೇಲಿ ಬಣ್ಣದ ಕೈ ಬಾಯ್ಗೆ ಹೋದ್ರೆ ಮಕ್ಳಿಗೆ ಏಟು ಬೀಳ್ತದೆ. ನಿಂಗೆ ಯಾರೂ ಹೇಳಿರ್ಲಿಲ್ವಾ ಬೇಟಿ?"

ಹೇಳಿದ್ದರು. ತರಬೇತಿಯ ಮೊದಲ ವಾರವೇ ಹೇಳಿದ್ದರು. ನಾನು ಕೈ ತೊಳೆಯುತ್ತಿದ್ದೆ, ಮೂಗಿಗೆ ಸೆರಗು ಕಟ್ಟುತ್ತಿದ್ದೆ. ಯಜಮಾನರಿಗೆ ಹೇಳಿರಲಿಲ್ಲ. ಗೋಪ್ಯವೇನೂ ಅಲ್ಲ, ಮರೆವೂ ಅಲ್ಲ. ಮಣ್ಣಿನ ಕೆಲಸದಲ್ಲಿ ಅವರಿಗೆ ನಾನು ಹೇಳುವುದೇನಿದೆ ಎಂದುಕೊಂಡಿದ್ದೆ. ಅಜ್ಜಿಯ ಜಾಡಿಯನ್ನು ಎತ್ತಿಕೊಂಡು ಎದ್ದು ಬಂದೆ.

ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಬೆಳಿಗ್ಗೆ ಫಿಟ್ಸ್ ಬಂದು ಅವರು ತೀರಿಕೊಂಡರು. ಆ ಹೊತ್ತಿನಲ್ಲಿ ನಾನು ಕೋಡಿಹಳ್ಳಿಯ ಒಂದು ಮನೆಯ ಅಟ್ಟದಿಂದ, ಸಿಕ್ಕವುಗಳಲ್ಲಿ ಹದಿನಾಲ್ಕನೆಯ ಜಾಡಿ ಇಳಿಸುತ್ತಿದ್ದೆ. ಮಧ್ಯಾಹ್ನ ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದಾಗ ಭಾವ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಕೊನೆಗೆ ಏನಾದರೂ ಅಂದರಾ ಎಂದು ಕೇಳಿದೆ. "ಎಷ್ಟಾದೋ ಅಂತ ಕೇಳ್ದ ಕಣವ್ವ. ನಂಗೆ ಲೆಕ್ಕ ಗೊತ್ತಿರ್ಲಿಲ್ಲ," ಎಂದರು.

ತಿಥಿ ಮುಗಿದ ಮೇಲೆ ಮತ್ತೆ ಹೊರಟೆ. ಮಳೆಗಾಲ ಹಿಡಿಯುವಷ್ಟರಲ್ಲಿ ಇಪ್ಪತ್ಮೂರು ಸಿಕ್ಕವು. ಉಳಿದ ಒಂದನ್ನು, ಹತ್ತೊಂಬತ್ತನೇ ನಂಬರಿನದನ್ನು, ಕೊಂಡಿದ್ದು ಮಾಗಡಿ ಪೇಟೆಯವರೇ. ಮಗಳ ಮನೆಗೆಂದು ಅದರ ತುಂಬ ಉಪ್ಪಿನಕಾಯಿ ಹಾಕಿಕೊಂಡು ರಾಮನಗರದ ಬಸ್ಸು ಹತ್ತಿದ್ದರಂತೆ. ಸೀಟಿನ ಕೆಳಗೆ ಮರೆತು ಇಳಿದರಂತೆ. ಕಂಡಕ್ಟರುಗಳನ್ನು ಕೇಳಿದೆ. ಎರಡು ವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತೆ. "ತುಂಬಿದ್ ಜಾಡಿನ ಯಾರಮ್ಮ ಬುಟ್ಟೋಯ್ತಾರೆ? ಎತ್ಕೊಂಡಿರ್ತಾರೆ," ಎಂದು ಒಬ್ಬ ನಕ್ಕ.

ಆಮೇಲೆ ಇಪ್ಪತ್ತೆರಡು ವರ್ಷ ಸೀಸವಿಲ್ಲದ ಗ್ಲೇಜಿನಲ್ಲೇ ಕೆಲಸ ಮಾಡಿದೆ, ಹಲವರಿಗೆ ಕಲಿಸಿದೆ. ಪಾತ್ರೆ ಮಾಡುವ ಮೊದಲು ಅದರೊಳಗೆ ಏನು ಬೀಳುತ್ತದೆ ಎಂದು ಕೇಳಿ. ನಿಮಗೆ ಗೊತ್ತಿರುವ ಅಪಾಯವನ್ನು ಪಕ್ಕದಲ್ಲಿ ಕೂತವರಿಗೆ, ಅವರು ನಿಮಗಿಂತ ಎಷ್ಟೇ ದೊಡ್ಡ ಕೆಲಸಗಾರರಾಗಿರಲಿ, ಬಾಯಿಬಿಟ್ಟು ಹೇಳಿ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ.

ಇಪ್ಪತ್ಮೂರು ಜಾಡಿಗಳನ್ನು ಒಡೆದು ಹೂಳಿದ್ದೇನೆ. ಹತ್ತೊಂಬತ್ತನೆಯದು ಇನ್ನೂ ಸಿಕ್ಕಿಲ್ಲ.